ಭಾನುವಾರ ಕಲಿತ ಒತ್ತಕ್ಷರ ಮುಂದಿನ ಭಾನುವಾರದೊಳಗೆ ಎಲ್ಲಿಗೆ ಹೋಗುತ್ತದೆ?

ಕೋಥ್ರೂಡ್ ತರಗತಿ ಕೇಳಿದ್ದು:

ಪುಣೆಯ ಕೋಥ್ರೂಡಿನಲ್ಲಿ ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ನಡೆಯುವ ಕನ್ನಡ ತರಗತಿಗಾಗಿ ಈ ಪ್ರಶ್ನೆ. ಮಕ್ಕಳು ಹದಿನಾಲ್ಕು, ವಯಸ್ಸು 7ರಿಂದ 11. ಮನೆಮಾತು ಕನ್ನಡ. ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಹಾಗಾಗಿ ದೇವನಾಗರಿ ಎಲ್ಲರಿಗೂ ಮೊದಲೇ ಬರುತ್ತದೆ. ಸ್ವರ, ವ್ಯಂಜನ, ಕಾಗುಣಿತ ಆಯಿತು. ಒತ್ತಕ್ಷರದಲ್ಲಿ ಗಾಡಿ ನಿಂತಿದೆ.

ಈಗ ಮಾಡುತ್ತಿರುವುದು ಇಷ್ಟು: ವಾರಕ್ಕೆ ಎಂಟು ಒತ್ತಕ್ಷರ, ವರ್ಣಮಾಲೆಯ ಕ್ರಮದಲ್ಲೇ. ಬೋರ್ಡಿನ ಮೇಲೆ ಬರೆದು ತೋರಿಸುವುದು, ಒಂದೊಂದನ್ನು ಇಪ್ಪತ್ತು ಸಲ ಬರೆಸುವುದು, ಕೊನೆಗೆ ಉಕ್ತಲೇಖನ. ಮನೆಗೆ ಎರಡು ಪುಟ ಕಾಪಿ. ಉಕ್ತಲೇಖನದಲ್ಲಿ ಹೆಚ್ಚುಕಮ್ಮಿ ಎಲ್ಲರದೂ ಸರಿ ಇರುತ್ತದೆ. ಮುಂದಿನ ಭಾನುವಾರ ಕೇಳಿದರೆ ಎಂಟರಲ್ಲಿ ಎರಡೋ ಮೂರೋ ಉಳಿದಿರುತ್ತವೆ.

ಕಲಿತದ್ದು ನಿಜವಾಗಿ ಅಳಿಸಿಹೋಗುತ್ತದೆಯೇ? ಇಪ್ಪತ್ತರ ಬದಲು ನಲವತ್ತು ಸಲ ಬರೆಸಿದರೆ ನಿಲ್ಲುತ್ತದೆಯೇ? ನೆನಪಿನ ಶಕ್ತಿಗೆ ಬ್ರಾಹ್ಮಿ ಸಿರಪ್, ಬಾದಾಮಿ ಕೊಡಬಹುದೇ ಎಂದು ಇಬ್ಬರು ಪೋಷಕರು ಕೇಳಿದ್ದಾರೆ. ಅವರಿಗೆ ಏನು ಹೇಳಬೇಕು?

ಮಾಟುಂಗದ ಮನೋವಿಜ್ಞಾನಿ:

ಮೊದಲು ಒಂದು ಪರೀಕ್ಷೆ ಮಾಡಿ. ಮುಂದಿನ ಭಾನುವಾರ "ಅಮ್ಮ ಅಂತ ಬರೆ" ಎನ್ನುವಾಗ ಕೈ ನಿಂತ ಮಗುವಿನ ಮುಂದೆ ಮ, ನ, ಯ, ಲ ಈ ನಾಲ್ಕರ ಒತ್ತುಗಳಿರುವ ಚೀಟಿ ಇಡಿ. "ಇದರಲ್ಲಿ ಅಮ್ಮನಿಗೆ ಬೇಕಾದದ್ದು ಯಾವುದು?" ಎಂದು ಕೇಳಿ. ಮಗು ಸರಿಯಾದದ್ದರ ಮೇಲೆ ಬೆರಳಿಟ್ಟರೆ ಅಕ್ಷರ ಒಳಗಿದೆ, ಹೊರಗೆ ತರುವ ದಾರಿ ಮಾತ್ರ ತಯಾರಾಗಿಲ್ಲ ಎಂದು ತಿಳಿಯಿರಿ. ಬೆರಳೂ ತಪ್ಪಿದರೆ ಇನ್ನೊಂದು ಅಳತೆ ಉಂಟು. ಮತ್ತೆ ಕಲಿಸಿ, ಎಷ್ಟು ಪ್ರಯತ್ನಕ್ಕೆ ಬಂತು ಎಂದು ಎಣಿಸಿ. ಹೋದ ವಾರ ಆರು ಪ್ರಯತ್ನ ಬೇಕಾಗಿದ್ದದ್ದು ಈ ವಾರ ಎರಡಕ್ಕೆ ಬಂದರೆ ಉಳಿದ ನಾಲ್ಕು ಪ್ರಯತ್ನದ ದುಡಿಮೆ ತಲೆಯಲ್ಲಿ ಹಾಗೇ ಇದೆ.

ಎರಡನೆಯ ಅಳತೆ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅವರದು. ಅವರು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಉರುಹೊಡೆದು, ಬೇರೆ ಬೇರೆ ಅಂತರದ ನಂತರ ಅದೇ ಪಟ್ಟಿಯನ್ನು ಮತ್ತೆ ಕಲಿತು, ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕ ಇಟ್ಟರು. 1885ರಲ್ಲಿ ಅದು ಪ್ರಕಟವಾಯಿತು. 20 ನಿಮಿಷದ ನಂತರ ಉಳಿದದ್ದು ಸುಮಾರು ಶೇ 58, ಒಂದು ಗಂಟೆಗೆ 44, ಒಂದು ದಿನಕ್ಕೆ 34, ಆರು ದಿನಕ್ಕೆ 25, ಒಂದು ತಿಂಗಳಿಗೆ 21. ಇಳಿತ ಮೊದಲ ದಿನದಲ್ಲೇ ಕಡಿದಾಗಿದೆ, ಆಮೇಲೆ ಹೆಚ್ಚುಕಮ್ಮಿ ಸಮತಟ್ಟು. ನಿಮ್ಮ ಎರಡು ಪುಟ ಕಾಪಿಯನ್ನು ಮಕ್ಕಳು ಯಾವಾಗ ಬರೆಯುತ್ತಾರೆ ಎಂದು ವಿಚಾರಿಸಿ. ಶನಿವಾರ ರಾತ್ರಿ ಎಂದಾದರೆ, ನಷ್ಟವೆಲ್ಲ ಆಗಿಹೋದ ಮೇಲೆ ಬರೆಯುತ್ತಿದ್ದಾರೆ.

ಇನ್ನು ನಲವತ್ತು ಸಲದ ಪ್ರಶ್ನೆ. ಬೇಡ. ಇಪ್ಪತ್ತೂ ಬೇಡ. ಏಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈ ಚರ್ಚೆಯ ಮುಖ್ಯ ವಿಷಯ ಇದೇ.

ನೆನಪು ಒಂದೇ ಉಗ್ರಾಣವಲ್ಲ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ಸಿನ ದೊಡ್ಡ ಭಾಗವನ್ನು ತೆಗೆಯಲಾಯಿತು. ಕಿವಿಯ ಹಿಂದುಮುಂದಿನ ನೇರಕ್ಕೆ ಒಳಗಿರುವ, ಕಡಲಕುದುರೆಯಂತೆ ಬಾಗಿದ ಭಾಗ ಅದು. ಆಮೇಲೆ ಅವರಿಗೆ ಹೊಸ ಘಟನೆ, ಹೊಸ ಮುಖ ಯಾವುದೂ ನಿಲ್ಲಲಿಲ್ಲ. ಆದರೆ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಂದ ಕನ್ನಡಿಯಲ್ಲಿ ಮಾತ್ರ ಕೈ ಕಾಣುವಂತೆ ನಕ್ಷತ್ರದ ಗೆರೆ ಎಳೆಸಿದಾಗ ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದಿನ ದಿನ ಎಳೆದಿದ್ದೆ ಎಂಬುದೇ ಅವರಿಗೆ ನೆನಪಿರಲಿಲ್ಲ. ಕೈಯ ಪಳಗುವಿಕೆ ಒಂದು ವ್ಯವಸ್ಥೆ, "ಯಾವುದು ಎಲ್ಲಿಗೆ" ಎಂಬ ತಿಳಿವಳಿಕೆ ಇನ್ನೊಂದು.

ಬೋರ್ಡನ್ನು ನೋಡಿಕೊಂಡು ಇಪ್ಪತ್ತು ಸಲ ಬರೆದಾಗ ಪಳಗುವುದು ಕೈ. ಮೊದಲ ಮೂರು ಸಲ ಮಗು ಆಕಾರವನ್ನು ಗಮನಿಸುತ್ತದೆ. ನಾಲ್ಕನೆಯದರಿಂದ ಮೇಲಿನ ಸಾಲನ್ನು ನೋಡಿ ಗೀಚುತ್ತದೆ. ಒಂದು ಸಲವೂ ತಲೆಯೊಳಗಿನಿಂದ ಅಕ್ಷರವನ್ನು ಎತ್ತಿ ತಂದಿರುವುದಿಲ್ಲ. ಮುಂದಿನ ಭಾನುವಾರ ನೀವು ಕೇಳುವುದು ಅದೊಂದನ್ನೇ, ಅಭ್ಯಾಸ ಮಾಡಿಸದೆ ಬಿಟ್ಟದ್ದೂ ಅದೊಂದೇ.

ತರಗತಿಯ ಕೊನೆಯ ಉಕ್ತಲೇಖನ ಸರಿಬಂದದ್ದಕ್ಕೆ ಬೆಲೆ ಕೊಡಬೇಡಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಎರಡು ಸಲ ಓದಿತು, ಇನ್ನೊಂದು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದೆ: ಶೇ 81ಕ್ಕೆ 75. ಒಂದು ವಾರದ ನಂತರ ತಿರುಗಿತು: ಓದಿದವರದು 42, ಮುಚ್ಚಿ ಬರೆದವರದು 56. ಐದು ನಿಮಿಷದ ಫಲಿತಾಂಶವನ್ನು ನಂಬಿ ಕಲಿಸುವ ಕ್ರಮ ಆರಿಸಿದರೆ ಪ್ರತಿ ಸಲವೂ ತಪ್ಪು ಕ್ರಮವನ್ನೇ ಆರಿಸುತ್ತೇವೆ.

ಸಿರಪ್ಪಿನ ಬಗ್ಗೆ: ಬಾದಾಮಿ ಒಳ್ಳೆಯ ಆಹಾರ, ತಿನ್ನಲಿ. ಒತ್ತಕ್ಷರ ಮರೆಯುವುದಕ್ಕೆ ಔಷಧಿ ಬೇಕಿಲ್ಲ. ಹದಿನಾಲ್ಕು ಮಕ್ಕಳಲ್ಲಿ ಒಂದೇ ಮಗು ಎಲ್ಲದರಲ್ಲೂ ಹಿಂದೆ ಬೀಳುತ್ತಿದ್ದರೆ ಕಣ್ಣು, ಕಿವಿ, ರಕ್ತಹೀನತೆ ಪರೀಕ್ಷೆ ಮಾಡಿಸಲಿ. ಹಿಂದಿನ ಬೆಂಚಿನಿಂದ ಬೋರ್ಡು ಮಸುಕಾಗಿ ಕಾಣುವ ಮಗುವಿನಲ್ಲಿ ಅಕ್ಷರ ಒಳಗೆ ಇಳಿದೇ ಇರುವುದಿಲ್ಲ. ಅದನ್ನು ಮರೆವು ಎನ್ನಲಾಗದು.

ಹಡಪ್ಸರ್ ಮಾಸ್ತರ:

ಮೇಲಿನವರು ಹೇಳಿದ್ದು ಸರಿ ಅದ. ಒಂದು ಸೇರಿಸ್ತೀನಿ, ಒಂದು ತಿದ್ದುಪಡಿ ಮಾಡ್ತೀನಿ.

ತಿದ್ದುಪಡಿ ಎಬ್ಬಿಂಗ್‌ಹೌಸ್ ಅಂಕಿಗೆ. ಅವರು ಒಬ್ಬರೇ ನೂರಾರು ಪಟ್ಟಿ ಉರುಹೊಡೆದವರು. 1957ರಲ್ಲಿ ಬೆಂಟನ್ ಅಂಡರ್‌ವುಡ್ ಹಳೆಯ ಪ್ರಯೋಗಗಳನ್ನೆಲ್ಲ ಜೋಡಿಸಿ ನೋಡಿದಾಗ, ಮೊದಲು ಪಟ್ಟಿಗಳನ್ನು ಕಲಿಯದವರು ಒಂದು ದಿನದಲ್ಲಿ ಮರೆತದ್ದು ಕಾಲು ಭಾಗದಷ್ಟೇ. ಅದೇ ನಮೂನೆಯ ಹತ್ತಿಪ್ಪತ್ತು ಪಟ್ಟಿ ಕಲಿತವರು ಹೊಸದರಲ್ಲಿ ಮುಕ್ಕಾಲು ಮರೆತಿದ್ದರು. ಅಂದಮೇಲೆ ಕಾಲ ಸರಿದದ್ದಕ್ಕಿಂತ ಒಂದರ ಮೇಲೊಂದು ಕವಿದದ್ದೇ ದೊಡ್ಡ ಕಾರಣ. ಹಳೆಯದು ಹೊಸದನ್ನು ತಳ್ಳತದ, ಹೊಸದೂ ಹಳೆಯದನ್ನು ತಳ್ಳತದ. ಎರಡೂ ಎಷ್ಟು ಹೋಲತಾವೋ ಅಷ್ಟು ಜೋರಾಗಿ ತಳ್ಳತಾವ.

ಪುಣೆಯ ಮಕ್ಕಳಿಗೆ ಆಗ್ತಿರೋದು ಇದೇ ನೋಡ್ರಿ. ಇಂಗ್ಲಿಷ್ ಅಕ್ಷರ ಕನ್ನಡಕ್ಕೆ ಅಡ್ಡ ಬರೋದು ಕಡಿಮೆ, ಅದರ ರೀತಿಯೇ ಬೇರೆ. ದೇವನಾಗರಿ ಅಡ್ಡ ಬರತದ, ಯಾಕಂದರ ವ್ಯವಸ್ಥೆ ಒಂದೇ, ನಡೆ ಉಲ್ಟಾ.

"ಮಸ್ತ" ತೊಗೊಳ್ರಿ. ದೇವನಾಗರಿಯಲ್ಲಿ ಸ ಅರ್ಧ ಆಗಿ ಎಡಕ್ಕೆ ನಿಲ್ಲತದ, ತ ಪೂರ್ತಿ ಇರತದ. ಕನ್ನಡದಲ್ಲಿ ಸ ಪೂರ್ತಿ, ತ ಕುಗ್ಗಿ ಅಡಿಗೆ ಹೋಗತದ. ಯಾವುದನ್ನು ಅರ್ಧ ಮಾಡಬೇಕು ಅನ್ನೋ ಪ್ರಶ್ನೆಗೆ ಎರಡು ಲಿಪಿ ಎದುರುಬದುರು ಉತ್ತರ ಕೊಡತಾವ. ವಾರದಲ್ಲಿ ಐದು ದಿನ ಒಂದು ಉತ್ತರ ಅಭ್ಯಾಸ, ಭಾನುವಾರ ಒಂದೂವರೆ ತಾಸು ಇನ್ನೊಂದು. ಯಾವುದು ಮೊದಲು ಕೈಗೆ ಬರತದ, ನೀವೇ ಯೋಚನೆ ಮಾಡ್ರಿ.

ಇನ್ನೂ ಗಂಟು ಎಲ್ಲೆಲ್ಲಿ ಬೀಳತದ ಅಂದರ:

ಸ್ವರಚಿಹ್ನೆ. "ಬಸ್ತಿ"ಯಲ್ಲಿ ಗುಡಿಸು ಮೇಲಿನ ಸಕಾರಕ್ಕೆ ಹತ್ತತದ, ಆದರ ಉಚ್ಚಾರ ತಕಾರದ ಆಮೇಲೆ. ಮಕ್ಕಳು ಸ ಬರೆದು, ಕೆಳಗಿನ ತ ಒತ್ತಿಗೆ ಗುಡಿಸು ಕೊಡಲಿಕ್ಕೆ ಹೋಗತಾರ. ಇದು ಮರೆವಲ್ಲ, ಉಚ್ಚಾರದ ತರ್ಕ. ಅದನ್ನು ಬಾಯಿಬಿಟ್ಟು ಹೇಳಿಕೊಡಬೇಕು.

ಅರ್ಕಾವತ್ತು. "ಸೂರ್ಯ"ದ ರ್ ದೇವನಾಗರಿಯಲ್ಲಿ ಯಕಾರದ ತಲೆಮೇಲೆ, ಕನ್ನಡದಲ್ಲಿ ಯಕಾರದ ಬಲಕ್ಕೆ. ಇದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ರಿ, ಬೇರೆ ಒತ್ತು ಗಟ್ಟಿಯಾಗೋ ತನಕ ಮುಟ್ಟಬ್ಯಾಡ್ರಿ.

ಎ–ಏ, ಒ–ಓ. ಮರಾಠಿ ಬರಹದಲ್ಲಿ ಈ ಭೇದ ಇಲ್ಲ. ಕೊಡು–ಕೋಡು, ಕೆರೆ–ಕೇರೆ ಜೋಡಿ ಮಾಡಿ ಕಿವಿಗೆ ಕೇಳಿಸಿ ಆಮೇಲೆ ಬರೆಸ್ರಿ. ಕಿವಿಗೆ ಬೇರೆ ಅನಿಸದ್ದು ಕೈಗೆ ಬೇರೆ ಆಗೋದಿಲ್ಲ.

ಸಂಖ್ಯೆ. ಮರಾಠಿಯ "ಪಂಚವೀಸ" ಐದರಿಂದ ಶುರು, ನಮ್ಮ "ಇಪ್ಪತ್ತೈದು" ಇಪ್ಪತ್ತರಿಂದ. ಇಪ್ಪತ್ತೈದು ಅಂದರ 52 ಬರೆದ ಮಗುವಿಗೆ ಗಣಿತ ಬರೋದಿಲ್ಲ ಅಂತ ತಿಳಿಯಬ್ಯಾಡ್ರಿ.

ಶಬ್ದದಲ್ಲೂ ಹಿಂಗ. "ಹತ್ತಿ" ಅಂದರ ಮರಾಠಿ ಕಿವಿಗೆ ಆನೆ. ಇಂಥ ಜೋಡಿಯನ್ನು ಮುಚ್ಚಿಡಬಾರದು, ಎದುರಿಗೇ ಇಡಬೇಕು. ಹತ್ತಿಯ ಮೂಟೆ ಹೊತ್ತ ಆನೆಯ ಚಿತ್ರ ಬರೆದು "ಮರಾಠಿ ಹತ್ತೀ ನಮ್ಮ ಹತ್ತಿ ಹೊತ್ತದ" ಅಂದರ ಅಡ್ಡ ಬರತಿದ್ದದ್ದೇ ಈಗ ಕೊಂಡಿ ಆಗತದ.

ಎಂಟೆಂಟನ್ನು ವರ್ಣಮಾಲೆ ಕ್ರಮದಲ್ಲಿ ಕಲಿಸೋದನ್ನು ಮೊದಲು ಬಿಡ್ರಿ. ಕನ್ನಡದ 34 ವ್ಯಂಜನದಲ್ಲಿ ಹೆಚ್ಚಿನವುಗಳ ಒತ್ತು ಅಂದರ ತಲೆಕಟ್ಟು ತೆಗೆದ ಅದೇ ಅಕ್ಷರದ ಸಣ್ಣ ರೂಪ. ಅದು ಒಂದು ನಿಯಮ, ಒಂದು ಭಾನುವಾರದ ಕೆಲಸ. ರೂಪ ಬದಲಾಗೋವು ಆರು: ತ, ನ, ಮ, ಯ, ರ, ಲ. ನೆನಪಿನ ದುಡಿಮೆ ಬೇಕಾದದ್ದು ಈ ಆರಕ್ಕೆ. ವಾರಕ್ಕೆ ಎರಡರಂತೆ ಮೂರು ವಾರ, ಮತ್ತ ನೋಡಲಿಕ್ಕೆ ಒಂದರ ಹಂಗ ಇನ್ನೊಂದು ಕಾಣೋವನ್ನು ಒಂದೇ ದಿನ ಹೊಸದಾಗಿ ತರಬ್ಯಾಡ್ರಿ. ಎರಡೂ ಬೇರೆ ಬೇರೆ ಗಟ್ಟಿಯಾದ ಮೇಲೆ ಮಾತ್ರ ಕಲಸಿ ಕೇಳ್ರಿ. ಬ–ಭ, ದ–ಧ, ಪ–ಷ–ಫ ಇವಕ್ಕೂ ಇದೇ ಮಾತು.

ವಾಸ್ಕೊ ಕಲಿಕೆ:

ಕಾರಣ ಇಬ್ಬರೂ ಹೇಳಿದ್ದಾರೆ. ನಾನು ಮಾಡುವ ಕ್ರಮ ಮಾತ್ರ ಬರೆಯುತ್ತೇನೆ. ಗೋವಾದಲ್ಲೂ ಕೊಂಕಣಿ, ಮರಾಠಿಯ ದೇವನಾಗರಿ ಮೊದಲು ಕಲಿತ ಮಕ್ಕಳಿಗೆ ಇದು ನಡೆಯುತ್ತದೆ.

ಬೇಕಾದದ್ದು ಹಳೆಯ ಲಗ್ನಪತ್ರಿಕೆಯಂಥ ದಪ್ಪ ಕಾಗದ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿದ ಚೀಟಿಗಳು, ಐದು ಲಕೋಟೆ. ತೆಳು ಕಾಗದ ಬೇಡ, ಹಿಂದಿನ ಬರಹ ಮೂಡಿ ಕಾಣುತ್ತದೆ. ಚೀಟಿಯ ಮುಂದೆ ಚಿತ್ರ ಮತ್ತು ಒತ್ತು ಬಿಟ್ಟ ಪದ: ಅಮ್ಮನ ಚಿತ್ರ, "ಅಮ", ಮಕಾರದ ಕೆಳಗೆ ಖಾಲಿ ಚೌಕ. ಹಿಂದೆ ಪೂರ್ತಿ ಪದ.

ಲಕೋಟೆಯ ಲೆಕ್ಕ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಬಳಕೆಗೆ ತಂದ ಪೆಟ್ಟಿಗೆಯ ಲೆಕ್ಕ. ಹೊಸ ಚೀಟಿ ಒಂದನೆಯದಕ್ಕೆ, ಅದನ್ನು ದಿನವೂ ತೆಗೆಯಬೇಕು. ಸರಿ ಬಂದರೆ ಎರಡನೆಯದಕ್ಕೆ, ಅದು ಎರಡು ದಿನಕ್ಕೊಮ್ಮೆ. ಮೂರನೆಯದು ವಾರಕ್ಕೊಮ್ಮೆ, ನಾಲ್ಕು ಹದಿನೈದು ದಿನಕ್ಕೊಮ್ಮೆ, ಐದು ತಿಂಗಳಿಗೊಮ್ಮೆ. ಯಾವ ಲಕೋಟೆಯಲ್ಲಿ ತಪ್ಪಿದರೂ ಚೀಟಿ ಒಂದನೆಯದಕ್ಕೆ ವಾಪಸ್.

ಈ ಅಂತರಗಳಿಗೆ ಆಧಾರವೂ ಉಂಟು. ನಿಕೊಲಸ್ ಸೆಪೆಡಾ ಮತ್ತು ಜೊತೆಯವರು 2008ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಂತರ ಬದಲಿಸಿ ನೋಡಿದರು. ಪರೀಕ್ಷೆ 7 ದಿನಕ್ಕಿದ್ದರೆ ಮರುಕಲಿಕೆಗೆ ಒಂದು ದಿನದ ಅಂತರ ಚೆನ್ನಾಗಿ ಫಲ ಕೊಟ್ಟಿತು. 35 ದಿನಕ್ಕಿದ್ದರೆ 11 ದಿನ, 70 ದಿನಕ್ಕಿದ್ದರೆ 21 ದಿನ. ಎಷ್ಟು ದೂರಕ್ಕೆ ಉಳಿಯಬೇಕೋ ಅದಕ್ಕೆ ತಕ್ಕಷ್ಟು ಅಂತರ ಇಟ್ಟು ಕೇಳಬೇಕು. ವಾರಕ್ಕೊಮ್ಮೆ ಮಾತ್ರ ಕೇಳುವ ನಿಮ್ಮ ಕ್ರಮದಲ್ಲಿ ಮೊದಲ ಅಂತರವೇ ಏಳು ದಿನ. ಆಗಷ್ಟೇ ಮೊಳೆತದ್ದಕ್ಕೆ ಏಳು ದಿನ ನೀರಿಲ್ಲ.

ಒಂದು ಸುತ್ತು ಹೀಗೆ. ಚೀಟಿ ತೋರಿಸಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಮಗು ಖಾಲಿ ಹಾಳೆಯಲ್ಲಿ ಪದ ಬರೆಯಲಿ, ಬಾಯಲ್ಲಿ ಹೇಳಿದರೆ ಸಾಲದು. ಚೀಟಿ ತಿರುಗಿಸಿ ತಾನೇ ಹೋಲಿಸಲಿ. ತಪ್ಪಿದ್ದರೆ ನೋಡಿ, ಮುಚ್ಚಿ, ಒಂದೇ ಸಲ ನೆನಪಿನಿಂದ ಬರೆಯಲಿ. ಆ ಚೀಟಿಯನ್ನು ಕೂಡಲೇ ಮತ್ತೆ ಕೇಳಬೇಡಿ, ಇನ್ನೆರಡು ಚೀಟಿ ಕಳೆದ ಮೇಲೆ ಕೇಳಿ. ಕೂಡಲೇ ಕೇಳಿದರೆ ಕಣ್ಣೆದುರಿನ ನೆರಳನ್ನು ನೋಡಿ ಬರೆದಂತೆ, ಎತ್ತಿ ತಂದಂತೆ ಆಗುವುದಿಲ್ಲ. ಕಲಿತ ಮೊದಲ ದಿನ ಒಂದೊಂದು ಚೀಟಿ ಹೀಗೆ ಮೂರು ಸಲ ಸರಿ ಬರಬೇಕು. ಒಟ್ಟು ನಾಲ್ಕು ನಿಮಿಷ.

ಕೆಡುವುದು ಎಲ್ಲಿ ಎಂದರೆ, ಮಗು ತಡವರಿಸಿದ ಕೂಡಲೇ ಅಮ್ಮ ಮೊದಲ ಗೆರೆ ಎಳೆದು ತೋರಿಸುತ್ತಾರೆ. ಆ ಗೆರೆ ಇದ್ದರೆ ಮಾತ್ರ ಬರುವ ನೆನಪು ತಯಾರಾಗುತ್ತದೆ. ಚೀಟಿಗಳನ್ನು ಕಲಸದಿದ್ದರೆ ಮಗು ಕ್ರಮವನ್ನು ಬಾಯಿಪಾಠ ಮಾಡುತ್ತದೆ. ಒಂದನೆಯ ಲಕೋಟೆಯಲ್ಲಿ ಹತ್ತಕ್ಕಿಂತ ಹೆಚ್ಚು ಚೀಟಿ ಸೇರಿದರೆ ನಾಲ್ಕು ನಿಮಿಷ ಹದಿನೈದಾಗುತ್ತದೆ, ವಾರದೊಳಗೆ ಆಟ ನಿಲ್ಲುತ್ತದೆ. ಇನ್ನೊಂದು, ತರಗತಿಯ ಗೋಡೆ ಮೇಲಿನ ವರ್ಣಮಾಲೆ ಚಾರ್ಟು. ಕಲಿಸುವಾಗ ಇರಲಿ, ಕೇಳುವಾಗ ಬಟ್ಟೆ ಹಾಕಿ ಮುಚ್ಚಿ. ಅದು ಕಣ್ಣಿಗೆ ಬೀಳುವ ತನಕ ಮಕ್ಕಳು ತಲೆಯೊಳಗೆ ಹುಡುಕುವುದಿಲ್ಲ.

ಕೋಥ್ರೂಡ್ ತರಗತಿ:

ತುಂಬ ಉಪಕಾರವಾಯಿತು. ಕಾಪಿ ನಿಲ್ಲಿಸುತ್ತೇವೆ. ಆದರೆ ಎರಡು ತಕರಾರು ಖಂಡಿತ ಬರುತ್ತವೆ, ಉತ್ತರ ಬೇಕು. ತಪ್ಪು ಬರೆದರೆ ತಪ್ಪೇ ಕೂತುಬಿಡುವುದಿಲ್ಲವೇ ಎಂಬುದು ಒಂದು. ಇನ್ನೊಂದು ಅಜ್ಜ-ಅಜ್ಜಿಯರದು: "ನಾವು ಮಗ್ಗಿ, ವಚನ ಎಲ್ಲ ಉರುಹೊಡೆದೇ ಕಲಿತೆವು, ಎಪ್ಪತ್ತರಲ್ಲೂ ನೆನಪಿದೆ." ಜೊತೆಗೆ, ಆ ನಾಲ್ಕು ನಿಮಿಷ ಬೆಳಿಗ್ಗೆಯೋ ರಾತ್ರಿಯೋ?

ಮಾಟುಂಗದ ಮನೋವಿಜ್ಞಾನಿ:

ಹಡಪ್ಸರ್ ಅವರ ತಿದ್ದುಪಡಿ ನ್ಯಾಯವಾದದ್ದು, ಆ ಅಂಕಿಗಳನ್ನು ಮಕ್ಕಳಿಗೆ ಹಾಗೇ ಅನ್ವಯಿಸಬಾರದು. ಇಳಿತದ ಆಕಾರ ಮಾತ್ರ ನಂಬತಕ್ಕದ್ದು.

ತಪ್ಪು ಕೂರುವುದು ಸರಿಯುತ್ತರ ಬಾರದೆ ಹೋದಾಗ. ಮಗು ಯತ್ನಿಸಿ ತಪ್ಪಿ, ಅದೇ ನಿಮಿಷದಲ್ಲಿ ಸರಿಯಾದದ್ದನ್ನು ಕಂಡರೆ ಹಾನಿಯಿಲ್ಲ, ಬಹಳ ಸಲ ಲಾಭವೇ. ಉಕ್ತಲೇಖನ ಪುಸ್ತಕವನ್ನು ಮನೆಗೆ ಒಯ್ದು ತಿದ್ದಿ ಮುಂದಿನ ವಾರ ಕೊಡುವ ಪದ್ಧತಿಯಲ್ಲಿ ಮಾತ್ರ ಆ ತಕರಾರು ನಿಜ. ಅಳುವ ಮಗುವಿಗೆ ಹೊಸ ಎರಡು ಚೀಟಿಯ ನಡುವೆ ಚೆನ್ನಾಗಿ ಬರುವ ನಾಲ್ಕು ಚೀಟಿ ಸೇರಿಸಿ.

ಅಜ್ಜ-ಅಜ್ಜಿಯರು ಹೇಳುವುದು ಪೂರ್ತಿ ಸತ್ಯ, ಅವರೊಂದಿಗೆ ವಾದ ಬೇಡ. ಅವರ ಬಾಯಿಪಾಠ ಕಾಪಿ ಬರೆಯುವುದಲ್ಲವಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಪುಸ್ತಕವಿಲ್ಲದೆ ಒಪ್ಪಿಸಬೇಕಿತ್ತು. ತಪ್ಪಿದಲ್ಲಿ ಹಿರಿಯರು ತಡೆದು ತಿದ್ದುತ್ತಿದ್ದರು, ಮರುದಿನ ಮತ್ತೆ ಒಪ್ಪಿಸಬೇಕಿತ್ತು. ನೆನೆದು ತರುವುದು, ಕೂಡಲೇ ತಿದ್ದುವುದು, ದಿನಗಳ ಅಂತರ, ಮೂರೂ ಅದರಲ್ಲಿದ್ದವು. ಮೇಲೆ ಲಯ ಬೇರೆ. ವಚನದ ಕೊನೆಯ ಅಂಕಿತ ಎಲ್ಲಿಗೆ ಮುಟ್ಟಬೇಕು ಎಂಬ ಗುರುತನ್ನೂ ಕೊಡುತ್ತಿತ್ತು.

ಸಾಲಾಗಿ ಕಲಿತದ್ದಕ್ಕೆ ಒಂದು ದೋಷ ಉಂಟು: ಬಾಗಿಲು ಮುಂದುಗಡೆ ಒಂದೇ. ಏಳೆಂಟ್ಲಿ ಎಷ್ಟು ಎಂದರೆ ಮಗು ಏಳೊಂದ್ಲಿಯಿಂದ ಓಡಿ ಬರುತ್ತದೆ. ಠ ಆದ ಮೇಲೆ ಏನು ಎಂದರೆ ಟಕಾರದಿಂದ ಶುರು. ವೇದ ಪಾಠದವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಜಟಾಪಾಠದಲ್ಲಿ ಪದಗಳು ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು, ಆಮೇಲೆ ಎರಡು-ಮೂರು, ಮೂರು-ಎರಡು, ಎರಡು-ಮೂರು ಎಂದು ಸಾಗುತ್ತವೆ. ಘನಪಾಠದಲ್ಲಿ ಮೂರು ಪದಗಳ ಹಿಂದುಮುಂದು ಸೇರುತ್ತದೆ. ಯಾವ ಪದದಿಂದಲೂ ಪಕ್ಕದ ಪದಕ್ಕೆ ಎರಡೂ ಕಡೆಯಿಂದ ದಾರಿ ಬೀಳುತ್ತದೆ. ನಿಮ್ಮ ಚೀಟಿ ಕಲಸುವುದೂ ಆ ಜಾತಿಯ ಕೆಲಸವೇ ಎಂದು ಅಜ್ಜಿಯರಿಗೆ ಹೇಳಿ, ಒಪ್ಪಿಸಿಕೊಳ್ಳುವ ಹೊಣೆಯನ್ನು ಅವರಿಗೇ ಕೊಡಿ. ಅವರಷ್ಟು ಚೆನ್ನಾಗಿ ಅದನ್ನು ಮಾಡುವವರು ಮನೆಯಲ್ಲಿ ಬೇರೆ ಇಲ್ಲ.

ಹೊತ್ತು: ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಹತ್ತು ಉಚ್ಚಾರದ ಪಟ್ಟಿಗಳನ್ನು ಕಲಿಸಿ, ಎಂಟು ಗಂಟೆ ನಿದ್ದೆಯ ನಂತರ ಮತ್ತು ಎಂಟು ಗಂಟೆ ಎಚ್ಚರದ ನಂತರ ಕೇಳಿದರು. ನಿದ್ದೆಯ ನಂತರ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಎಚ್ಚರದ ನಂತರ ಒಂದರ ಆಸುಪಾಸು. ಇಬ್ಬರೇ ಇದ್ದ ಸಣ್ಣ ಪ್ರಯೋಗ, ಆದರೆ ದಿಕ್ಕು ಆಮೇಲೆ ಮತ್ತೆ ಮತ್ತೆ ಖಚಿತವಾಗಿದೆ. ನಿದ್ದೆಯಲ್ಲಿ ಹೊಸ ಸರಕು ಬಂದು ಬೀಳುವುದಿಲ್ಲ. ಅದಲ್ಲದೆ ಗಾಢ ನಿದ್ದೆಯಲ್ಲಿ ಹಿಪ್ಪೊಕ್ಯಾಂಪಸ್ ಹಗಲಿನದನ್ನು ಮತ್ತೆ ಆಡಿಸಿ ಮಿದುಳಿನ ಹೊರಪದರದಲ್ಲಿ ನೆಲೆಗೊಳಿಸುತ್ತದೆ. ಚೀಟಿಯಾದ ಮೇಲೆ ಮೊಬೈಲ್ ಬೇಡ. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಶಾಲೆಯ ಬಸ್ಸು ಆರೂವರೆಗೆ ಬರುವ ಮನೆಯಲ್ಲಿ ಲೆಕ್ಕ ಹಾಕಿ ನೋಡಿ.

ಡೊಂಬಿವಲಿಯಿಂದ:

ಎಪ್ಪತ್ತರವರ ಮಾತು ಬಂದದ್ದಕ್ಕೆ ಪಕ್ಕದ ವಿಷಯ ಒಂದು ಬರೆಯುತ್ತೇನೆ ಮಾರಾಯ್ರೆ, ಈ ಗುಂಪಿನಲ್ಲಿ ಹಲವರ ಮನೆಯಲ್ಲಿ ಹಿರಿಯರಿದ್ದಾರೆ.

ಹೆಸರು ನಾಲಿಗೆ ತುದಿಯಲ್ಲಿದ್ದು ಹತ್ತು ನಿಮಿಷದ ಮೇಲೆ ತಾನಾಗಿ ಬರುವುದು ವಯಸ್ಸಿನ ಸಹಜ. ಹೆಸರಿಗೆ ಅರ್ಥದ ಕೊಂಡಿ ಇರುವುದಿಲ್ಲ, ಆದ್ದರಿಂದ ಮೊದಲು ಕೈಕೊಡುವುದು ಅದೇ. ಆದರೆ ಒಂದೇ ಗಂಟೆಯಲ್ಲಿ ಅದೇ ಪ್ರಶ್ನೆ ನಾಲ್ಕು ಸಲ ಕೇಳುವುದು, ದಿನವೂ ನಡೆವ ಓಣಿಯಲ್ಲಿ ದಾರಿ ತಪ್ಪುವುದು, ಚಿಲ್ಲರೆ ಲೆಕ್ಕ ತಪ್ಪುವುದು, ಗ್ಯಾಸ್ ಹಚ್ಚಿದ್ದೇ ಗೊತ್ತಿರದಿರುವುದು ಇದ್ದರೆ ವೈದ್ಯರ ಹತ್ತಿರ ಹೋಗಬೇಕು, ವಯಸ್ಸು ಎಂದು ಬಿಡಬಾರದು. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ದಿಢೀರನೆ ಗೊಂದಲ ಬಂದರೆ ಅಂದೇ ಆಸ್ಪತ್ರೆಗೆ. ಬಿದ್ದು ತಲೆಗೆ ಪೆಟ್ಟಾಗಿ ವಾರಗಳು ಕಳೆದಿದ್ದರೂ ಅಷ್ಟೇ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ತಲೆಬುರುಡೆಯ ಕೆಳಗೆ ರಕ್ತ ನಿಧಾನವಾಗಿ ಕೂಡಿಕೊಳ್ಳುವ ಅಪಾಯ ಹೆಚ್ಚು.

ಸರಿಪಡಿಸಬಹುದಾದ ಕಾರಣಗಳನ್ನು ಮೊದಲು ನೋಡಿಸಿ: ಬಿ12, ಥೈರಾಯ್ಡ್, ಖಿನ್ನತೆ, ಕಿವಿ ಕೇಳದಿರುವುದು, ನಿದ್ದೆಮಾತ್ರೆ, ತೂಕಡಿಕೆ ತರುವ ಹಳೆಯ ಬಗೆಯ ನೆಗಡಿ ಮಾತ್ರೆ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಪಟ್ಟಿ ತೋರಿಸಿ.

ಮುಂಬಯಿ, ಪುಣೆಯವರು ಗಮನಿಸಬೇಕಾದದ್ದು ಒಂದು. ನೆನಪಿನ ಪರೀಕ್ಷೆಯಲ್ಲಿ ಐದು ಪದ ಹೇಳಿ ಕೆಲವು ನಿಮಿಷದ ಮೇಲೆ ಕೇಳುತ್ತಾರೆ. ಆ ಪದಗಳು ಹಿಂದಿಯಲ್ಲೋ ಮರಾಠಿಯಲ್ಲೋ ಇದ್ದರೆ, ಊರಿಂದ ಮಗನ ಮನೆಗೆ ಬಂದ ಕನ್ನಡ ಅಜ್ಜಿಗೆ ಅಂಕ ಸುಳ್ಳೇ ಕಡಿಮೆ ಬರುತ್ತದೆ. ಕನ್ನಡದಲ್ಲಿ ಪರೀಕ್ಷೆ ಮಾಡಿ ಎಂದು ಮೊದಲೇ ಕೇಳಿ. ಕಿವಿಯ ಯಂತ್ರ, ಕನ್ನಡಕ ಮರೆಯದೆ ಒಯ್ಯಿರಿ.

ಕೋಥ್ರೂಡ್ ತರಗತಿ:

ಮುಂದಿನ ತಿಂಗಳಿಗೆ ಹೀಗೆ ಹಾಕಿಕೊಂಡಿದ್ದೇವೆ, ತಪ್ಪಿದ್ದರೆ ಹೇಳಿ. ಮೊದಲ 10 ನಿಮಿಷ ಚಾರ್ಟು ಮುಚ್ಚಿ ಖಾಲಿ ಹಾಳೆ: ಹೋದ ವಾರದ ಎರಡು ಒತ್ತು, ಅದಕ್ಕೂ ಹಿಂದಿನ ಎರಡು, ಹಳೆಯ ಕಾಗುಣಿತದ ಎರಡು ಪದ. ಕೂಡಲೇ ತಿದ್ದುವುದು. ಆಮೇಲೆ ಹೊಸ ಒತ್ತು ಎರಡು. ನಡುವೆ ಕಥೆ ಓದುವುದು 30 ನಿಮಿಷ. ಕೊನೆಗೆ ಅದೇ ಎರಡನ್ನು ಮತ್ತೆ ಖಾಲಿ ಹಾಳೆಯಲ್ಲಿ. ಮನೆಯಲ್ಲಿ ಭಾನುವಾರ ರಾತ್ರಿಯಿಂದಲೇ ಚೀಟಿ. ಮೊದಲ ಭಾನುವಾರಕ್ಕೆ "ಸ್ವಾತಂತ್ರ್ಯ" ಪದವನ್ನು ದೊಡ್ಡದಾಗಿ ಬರೆದು, ಒತ್ತಕ್ಷರ ಎಂದರೇನು ಎಂದು ತೋರಿಸುವ ಯೋಚನೆ ಇದೆ.

ಹಡಪ್ಸರ್ ಮಾಸ್ತರ:

ಎಲ್ಲಾ ಛಲೋ ಅದ, "ಸ್ವಾತಂತ್ರ್ಯ" ಒಂದು ಬಿಡ್ರಿ. ಎಣಿಸಿ ನೋಡ್ರಿ: ಸ, ವ ಒತ್ತು, ದೀರ್ಘ, ತ, ಸೊನ್ನೆ, ಮತ್ತೊಂದು ತ, ರ ಒತ್ತು, ಯ ಒತ್ತು. ಎಂಟು ತುಂಡು. ದೊಡ್ಡವರೇ ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿಯೋದು ನಾಲ್ಕರಷ್ಟು ತುಂಡು ಅಂತ ನೆಲ್ಸನ್ ಕೋವನ್ 2001ರಲ್ಲಿ ತೋರಿಸಿದ್ದಾರ, ಏಳು ವರ್ಷದ ಮಗುವಿಗೆ ಅದಕ್ಕೂ ಕಡಿಮೆ. ನಿಮಗದು ಒಂದು ಪದ, ಯಾಕಂದರ ಅದು ನಿಮ್ಮೊಳಗ ಒಂದೇ ಗಂಟಾಗಿ ಕಟ್ಟಿಕೊಂಡದ. ಮಗುವಿಗೆ ಐದನೆಯ ತುಂಡು ಕೈಗೆ ಬರೋದರೊಳಗ ಮೊದಲನೆಯದು ಜಾರಿರತದ.

ಅಕ್ಕ, ಹಕ್ಕಿ, ಬೆಕ್ಕು, ಕತ್ತೆ, ಅಣ್ಣ, ಇಂಥ ಸಜಾತಿ ಒತ್ತಿನಿಂದ ಶುರು ಮಾಡ್ರಿ. ಮೇಲೆ ಕೆಳಗೆ ಎರಡೂ ಒಂದೇ ವ್ಯಂಜನ, ಹಿಡಿಯಬೇಕಾದ ತುಂಡು ಕಡಿಮೆ. ಆರನೆಯ ವಾರಕ್ಕ ಪುಸ್ತಕ, ಆಮೇಲೆ ಬಸ್ತಿ, ಭಕ್ತಿ. ಮೂರು ವ್ಯಂಜನ ಕೂಡಿದ ಸ್ತ್ರೀ, ಸ್ವಾತಂತ್ರ್ಯ ಮೂರು ತಿಂಗಳ ಮೇಲೆ ಸಾಕು.

ಓದಲಿಕ್ಕೆ ಸ್ವಾರಗೇಟಿಗೆ ಬರೋ ಕರ್ನಾಟಕ ಸಾರಿಗೆ ಬಸ್ಸಿನ ಫಲಕ ನೋಡಸ್ರಿ. ಹುಬ್ಬಳ್ಳಿಯಲ್ಲಿ ಬ ಒತ್ತೂ ಳ ಒತ್ತೂ ಒಂದೇ ಪದದಾಗ ಸಿಗತಾವ. ಮಗು ಮೊದಲು ತಾನೇ ಓದಲಿ. ಬಸ್ ಹೊರಟ ಮೇಲೆ, ಫಲಕ ಕಣ್ಣಿಗೆ ಕಾಣದಾಗ, ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಲಿ.